ಚರ್ಚಿಲ್ ದನಿ, ಚರ್ಚಿಲ್ ಬರಹ: ಯುದ್ಧಕಾಲದ ಭಾಷಣಗಳು ಮತ್ತು ಸ್ಮರಣಸಂಪುಟಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿನ್‌ಸ್ಟನ್ ಚರ್ಚಿಲ್ 1940ರ ಮೇ 10ರಂದು ಬ್ರಿಟನ್ನಿನ ಪ್ರಧಾನಿಯಾದರು. ಮುಂದಿನ ಐದು ವರ್ಷ ಅವರು ಆಡಿದ ಮಾತುಗಳು ಇಂದಿಗೂ ಸಾಕ್ಷ್ಯಚಿತ್ರಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ, ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಕೇಳಿಬರುತ್ತಲೇ ಇವೆ. ಕೇಳುವವರು ಬಹಳ ಮಂದಿ. ಆ ದನಿ ಯಾವ ವರ್ಷದ್ದು, ಯಾರೆದುರು ಆಡಿದ ಮಾತು, ಅದರಲ್ಲಿ ನಮ್ಮ ದೇಶಕ್ಕೆ ಯಾವ ಜಾಗ ಎಂದು ವಿಚಾರಿಸುವವರು ಕಡಿಮೆ. ಹಾಗೆ ವಿಚಾರಿಸುವವರಿಗಾಗಿ ಈ ಉತ್ತರಗಳು.

"ಕಡಲತೀರಗಳಲ್ಲಿ ಹೋರಾಡುತ್ತೇವೆ" ಎಂಬ ಪ್ರಸಿದ್ಧ ಭಾಷಣದ ಧ್ವನಿ 1940ರದ್ದೇ?

ಅಲ್ಲ. ಆ ಭಾಷಣ ಮಾಡಿದ್ದು 1940ರ ಜೂನ್ 4ರಂದು, ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ. ಅಲ್ಲಿ ಅದನ್ನು ಯಾರೂ ಧ್ವನಿಮುದ್ರಿಸಲಿಲ್ಲ. ಆ ಸಂಜೆ ಬ್ರಿಟನ್ನಿನ ಮನೆಮನೆಗಳಲ್ಲಿ ರೇಡಿಯೊ ಹಚ್ಚಿದವರಿಗೆ ಕೇಳಿದ್ದು ಬಿಬಿಸಿಯ ವಾರ್ತಾವಾಚಕರು ಓದಿದ ಆಯ್ದ ಭಾಗಗಳು ಮಾತ್ರ.

ಇಂದು ನಾವು ಕೇಳುವ ದನಿ 1949ರದ್ದು. ಗ್ರಾಮಫೋನ್ ತಟ್ಟೆಗಳ ಡೆಕ್ಕಾ ಕಂಪನಿಯ ಕೋರಿಕೆಯಂತೆ ಚರ್ಚಿಲ್ ಕೆಂಟ್ ಪ್ರಾಂತ್ಯದ ತಮ್ಮ ಚಾರ್ಟ್‌ವೆಲ್ ಮನೆಯಲ್ಲಿ ಕುಳಿತು ಹಳೆಯ ಭಾಷಣಗಳನ್ನು ಮತ್ತೆ ಓದಿದರು. ಆಗ ಅವರಿಗೆ 74 ವರ್ಷ. ಅಧಿಕಾರದಲ್ಲಿರಲಿಲ್ಲ, ವಿರೋಧಪಕ್ಷದ ನಾಯಕರಾಗಿದ್ದರು. ಈ ಓದು ಸಾರ್ವಜನಿಕರ ಕೈಗೆ ಸಿಕ್ಕಿದ್ದು 1964ರಲ್ಲಿ, 12 ಎಲ್‌ಪಿ ತಟ್ಟೆಗಳ ಸಂಪುಟವಾಗಿ. ಅದರಲ್ಲಿ ಭಾಷಣಗಳ ಜೊತೆಗೆ ಅವರ ಸ್ಮರಣಸಂಪುಟಗಳ ಭಾಗಗಳೂ ಇವೆ.

ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಸೈನಿಕರನ್ನು ಪಾರುಮಾಡಿದ 1940ರ ಸುದ್ದಿಚಿತ್ರಗಳ ಮೇಲೆ ಈ 1949ರ ದನಿಯನ್ನು ಕೂಡಿಸಿ ತೋರಿಸುವುದು ರೂಢಿಯಾಗಿಬಿಟ್ಟಿದೆ. ದೃಶ್ಯ ಒಂದು ಕಾಲದ್ದು, ದನಿ ಇನ್ನೊಂದು ಕಾಲದ್ದು ಎಂಬ ಸೂಚನೆ ಎಲ್ಲಿಯೂ ಇರುವುದಿಲ್ಲ. ಗಮನವಿಟ್ಟು ಕೇಳಿದರೆ ಗುರುತು ಹಿಡಿಯುವುದು ಕಷ್ಟವಲ್ಲ: ಸಭೆಯ ಗದ್ದಲವಿಲ್ಲ, ಮೇಜು ಬಡಿತವಿಲ್ಲ, ನಡುವೆ ಹರ್ಷೋದ್ಗಾರವಿಲ್ಲ. ನಿಧಾನವಾದ, ದಣಿದ ಓದು. ಎದುರಿಗೆ ಜನರಿಲ್ಲ, ಫಲಿತಾಂಶ ಗೊತ್ತಿದೆ. ಆದರೆ ಜೂನ್ 4ರಂದು ಆ ಸಭೆಯಲ್ಲಿ ಕುಳಿತಿದ್ದ ಯಾರಿಗೂ ಮುಂದೇನು ಎಂಬುದು ಗೊತ್ತಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಅದೇ ವರ್ಷದ ಮೇ 13ರ "ರಕ್ತ, ದುಡಿಮೆ, ಕಣ್ಣೀರು, ಬೆವರು" ಭಾಷಣಕ್ಕೂ, ಆಗಸ್ಟ್ 20ರಂದು ವಾಯುಪಡೆಯ ಪೈಲಟ್‌ಗಳನ್ನು ಕೊಂಡಾಡಿದ ಭಾಷಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸಂಸತ್ತಿನಲ್ಲಿ ಧ್ವನಿಮುದ್ರಣಕ್ಕೆ ಏಕೆ ಅವಕಾಶವಿರಲಿಲ್ಲ?

ಸಭೆಯ ಸಂಪ್ರದಾಯ ಒಪ್ಪುತ್ತಿರಲಿಲ್ಲ. 1942ರ ಜನವರಿಯಲ್ಲಿ ಅಮೆರಿಕ ಪ್ರವಾಸ ಮುಗಿಸಿ ಬಂದ ಚರ್ಚಿಲ್, ತಮ್ಮ ಹೇಳಿಕೆಯನ್ನು ಮುದ್ರಿಸಿಕೊಂಡು ರೇಡಿಯೊದಲ್ಲಿ ಬಿತ್ತರಿಸಲು ಅನುಮತಿ ಕೇಳಿದರು. ಸದಸ್ಯರಿಂದ ಆಕ್ಷೇಪ ಬಂದಿತು. ಅವರು ಪ್ರಸ್ತಾಪವನ್ನು ಕೈಬಿಟ್ಟರು. ಕಾಮನ್ಸ್ ಕಲಾಪ ರೇಡಿಯೊದಲ್ಲಿ ನಿಯಮಿತವಾಗಿ ಬರತೊಡಗಿದ್ದು 1978ರಲ್ಲಿ, ಟಿ.ವಿ.ಯಲ್ಲಿ 1989ರಲ್ಲಿ.

ಹಾಗಾದರೆ ಯುದ್ಧದ ದಿನಗಳಲ್ಲೇ ಮುದ್ರಿತವಾದ ಅಸಲಿ ದನಿ ಎಲ್ಲಿದೆ?

ಸಾಕಷ್ಟಿದೆ. ಅವರೇ ಮೈಕ್ ಮುಂದೆ ಕುಳಿತು ಮಾಡಿದ ಬಿಬಿಸಿ ಪ್ರಸಾರಗಳು ಮತ್ತು ಸಂಸತ್ತಿನ ಹೊರಗಿನ ಬಹಿರಂಗ ಭಾಷಣಗಳು ಅಂದಂದೇ ಮುದ್ರಿತವಾದವು.

1940ರ ಜೂನ್ 18ರದ್ದು ಎರಡರ ನಡುವಿನ ಸಂದರ್ಭ. "ಇದೇ ಅವರ ಅತ್ಯುನ್ನತ ಗಳಿಗೆ" ಎಂದು ಮುಗಿಯುವ ಭಾಷಣವನ್ನು ಹಗಲಿನಲ್ಲಿ ಕಾಮನ್ಸ್ ಸಭೆಯಲ್ಲಿ ಮಾಡಿ, ರಾತ್ರಿ ಬಿಬಿಸಿಯಲ್ಲಿ ಮತ್ತೆ ಓದಿದರು. ಮೈಕ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಒತ್ತಾಯಕ್ಕೆ ಕಟ್ಟುಬಿದ್ದು ಮುಖ ಗಂಟಿಕ್ಕಿಕೊಂಡೇ ಓದಿದರೆಂದು ಆಗ ಮಾಹಿತಿ ಸಚಿವಾಲಯದಲ್ಲಿದ್ದ ಹೆರಾಲ್ಡ್ ನಿಕಲ್ಸನ್ ಬರೆದಿಟ್ಟಿದ್ದಾರೆ.

1940ರ ಅಕ್ಟೋಬರ್ 21ರಂದು ಸೋತು ಕುಳಿತ ಫ್ರಾನ್ಸಿನ ಜನರಿಗಾಗಿ ಫ್ರೆಂಚ್ ಭಾಷೆಯಲ್ಲೇ ಮಾತನಾಡಿದರು. 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ಬಿದ್ದ ಸಂಜೆ, ಕಮ್ಯುನಿಸಂ ಬಗ್ಗೆ ತಾವು ಹಿಂದೆ ಆಡಿದ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ ಎನ್ನುತ್ತಲೇ ರಷ್ಯಾಕ್ಕೆ ಬೆಂಬಲ ಘೋಷಿಸಿದರು. 1945ರ ಮೇ 8ರ ಮಧ್ಯಾಹ್ನ 3 ಗಂಟೆಗೆ ಯುರೋಪಿನ ಯುದ್ಧ ಮುಗಿಯಿತೆಂದು ಸಾರಿದ ಪ್ರಸಾರವೂ ಉಳಿದಿದೆ.

ಆದರೆ ಚರ್ಚಿಲ್ ನಿಜವಾಗಿ ಎಂಥ ಭಾಷಣಕಾರರೆಂದು ತಿಳಿಯಬೇಕಾದರೆ ಜನರ ಮುಂದೆ ನಿಂತು ಮಾತನಾಡಿದ್ದನ್ನು ಕೇಳಬೇಕು. 1941ರ ಡಿಸೆಂಬರ್ 26ರಂದು ಅಮೆರಿಕದ ಕಾಂಗ್ರೆಸ್ ಮುಂದೆ ನಿಂತಾಗ ಅವರು ತಮ್ಮ ತಾಯಿ ಅಮೆರಿಕದವರೆಂಬುದನ್ನು ನೆನಪಿಸಿ, ತಾಯಿಯ ಬದಲು ತಂದೆ ಅಮೆರಿಕದವರಾಗಿದ್ದರೆ ತಾವು ಸ್ವಂತ ಬಲದಿಂದಲೇ ಇಲ್ಲಿಗೆ ಬಂದಿರುತ್ತಿದ್ದೆವೇನೋ ಎನ್ನುತ್ತಾರೆ. ಸಭೆ ಹೊಟ್ಟೆ ತುಂಬ ನಗುತ್ತದೆ. ನಾಲ್ಕು ದಿನಗಳ ನಂತರ ಕೆನಡಾದ ಒಟ್ಟಾವದಲ್ಲಿ, ಮೂರು ವಾರಗಳಲ್ಲಿ ಇಂಗ್ಲೆಂಡಿನ ಕತ್ತನ್ನು ಕೋಳಿಯ ಕತ್ತಿನಂತೆ ಮುರಿಯುತ್ತಾರೆಂದು ಫ್ರೆಂಚ್ ಸೇನಾನಿಗಳು ಹೇಳಿದ್ದನ್ನು ನೆನೆದು "ಎಂಥ ಕೋಳಿ!" ಎನ್ನುತ್ತಾರೆ, ನಗೆ ಏಳುತ್ತದೆ, ಅದು ಇಳಿಯುವವರೆಗೆ ಕಾಯುತ್ತಾರೆ, ಆಮೇಲೆ "ಎಂಥ ಕತ್ತು!" ಆ ಕಾಯುವಿಕೆಯೇ ವಿದ್ಯೆ. 1949ರ ತಟ್ಟೆಗಳಲ್ಲಿ ಅದು ಸಿಗುವುದಿಲ್ಲ.

ರೇಡಿಯೊದಲ್ಲಿ ಚರ್ಚಿಲ್ ಬದಲು ನಟನೊಬ್ಬ ಮಾತನಾಡಿದ್ದನಂತೆ, ನಿಜವೇ?

ಬಿಬಿಸಿಯ ರೇಡಿಯೊ ನಟ ನಾರ್ಮನ್ ಶೆಲಿ ಅವರ ಹೆಸರು ಈ ಕಥೆಯಲ್ಲಿ ಬರುತ್ತದೆ. ಅವರು ಚರ್ಚಿಲ್ ದನಿಯಲ್ಲಿ ಓದಿದ ತಟ್ಟೆಯೊಂದು ಇರುವುದು ನಿಜ. ಅದರ ಚೀಟಿಯಲ್ಲಿ 1942ರ ಸೆಪ್ಟೆಂಬರ್ 7 ಎಂಬ ತಾರೀಖಿದೆ. ಆದರೆ ಅದು 1940ರ ಜೂನ್‌ನಲ್ಲಿ ಪ್ರಸಾರವಾಯಿತು, ಜನ ಅದನ್ನೇ ಪ್ರಧಾನಿಯ ದನಿ ಎಂದು ನಂಬಿದರು ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ.

ಜೂನ್ 4ರ ಭಾಷಣದ ಕೊನೆಯ ಸಾಲುಗಳನ್ನಷ್ಟೇ ಕೇಳಿದ್ದೇವೆ. ಪೂರ್ತಿ ಓದಬೇಕೇ?

ಖಂಡಿತ ಓದಬೇಕು. ಕಡಲತೀರದ ಸಾಲುಗಳು ಕಟ್ಟಕಡೆಯ ಪ್ಯಾರಾದಲ್ಲಿವೆ. ಅದಕ್ಕೆ ಮೊದಲು ಬರುವುದು ಬಹುಮಟ್ಟಿಗೆ ಸೋಲಿನ ಲೆಕ್ಕ. ಬೆಲ್ಜಿಯಂ ಶರಣಾದ ಬಗೆ, ಜರ್ಮನ್ ಟ್ಯಾಂಕುಗಳು ನುಗ್ಗಿದ ದಾರಿ, 30,000ಕ್ಕೂ ಹೆಚ್ಚು ಸೈನಿಕರು ಸತ್ತದ್ದು, ಗಾಯಗೊಂಡದ್ದು, ಕಾಣೆಯಾದದ್ದು, ಸಾವಿರದಷ್ಟು ಫಿರಂಗಿಗಳು ಮತ್ತು ಸಾಗಣೆ ವಾಹನಗಳೆಲ್ಲವನ್ನೂ ಬಿಟ್ಟುಬಂದದ್ದು, ಒಂದೊಂದನ್ನೂ ಸಭೆಯ ಮುಂದೆ ಇಡುತ್ತಾರೆ. ಡನ್‌ಕರ್ಕ್‌ನಿಂದ ಮೂರು ಲಕ್ಷಕ್ಕೂ ಹೆಚ್ಚು ಜನ ಪಾರಾಗಿ ಬಂದರೆಂದು ದೇಶ ಸಂಭ್ರಮಿಸುತ್ತಿದ್ದಾಗ, ಜಾಗ ತೆರವು ಮಾಡಿ ಯಾರೂ ಯುದ್ಧ ಗೆಲ್ಲುವುದಿಲ್ಲ ಎಂದು ಎಚ್ಚರಿಸುತ್ತಾರೆ. ಕೆಟ್ಟ ಸುದ್ದಿಯನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಕೊನೆಯ ಸಾಲುಗಳಿಗೆ ಆ ತೂಕ ಬಂದಿದೆ. ಇಂದಿನ ನಾಯಕರು ಇದನ್ನು ಕಲಿತರೆ ಎಷ್ಟು ಚೆನ್ನು.

ಭಾರತೀಯರು ಗಮನಿಸಬೇಕಾದದ್ದು ಇನ್ನೊಂದಿದೆ. ಆ ಪ್ರಸಿದ್ಧ ವಾಕ್ಯ "ಎಂದಿಗೂ ಶರಣಾಗುವುದಿಲ್ಲ" ಎಂಬಲ್ಲಿಗೆ ಮುಗಿಯುವುದಿಲ್ಲ. ಒಂದು ವೇಳೆ ಈ ದ್ವೀಪವೇ ಶತ್ರುವಿನ ವಶವಾದರೂ, ಕಡಲಾಚೆಯ ನಮ್ಮ ಸಾಮ್ರಾಜ್ಯ ಹೋರಾಟ ಮುಂದುವರಿಸುತ್ತದೆ ಎಂದು ಅದು ಮುಂದೆ ಸಾಗುತ್ತದೆ. ಆ ಕಡಲಾಚೆಯ ಸಾಮ್ರಾಜ್ಯದಲ್ಲಿ ಜನಸಂಖ್ಯೆಯಲ್ಲಿ ಅತಿ ದೊಡ್ಡ ದೇಶ ನಮ್ಮದು. ಚರ್ಚಾಸ್ಪರ್ಧೆಗಳಲ್ಲಿ ಈ ಅರ್ಧವನ್ನು ಯಾರೂ ಉದ್ಧರಿಸುವುದಿಲ್ಲ. ಡನ್‌ಕರ್ಕ್‌ನಲ್ಲಿ ಭಾರತೀಯ ಸೇನೆಯ ಹೇಸರಗತ್ತೆ ತುಕಡಿಗಳೂ ಇದ್ದವೆಂಬುದು ಆ ದಿನದ ಭಾಷಣದಿಂದ ತಿಳಿಯುವುದಿಲ್ಲ.

ಇಷ್ಟು ಪಳಗಿದ ಭಾಷೆ ಅವರಿಗೆ ಎಲ್ಲಿಂದ ಬಂತು? ಬೆಂಗಳೂರಿನ ನಂಟು ಏನು?

ನಂಟು ನಿಜವಾದದ್ದು. 1896ರಲ್ಲಿ 4ನೇ ಹುಸಾರ್ಸ್ ಅಶ್ವದಳದ ಅಧಿಕಾರಿಯಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದಾಗ ಚರ್ಚಿಲ್ ಅವರಿಗೆ ಇನ್ನೂ 22 ತುಂಬಿರಲಿಲ್ಲ. ಇಬ್ಬರು ಜೊತೆ ಅಧಿಕಾರಿಗಳೊಂದಿಗೆ ಬಂಗಲೆಯಲ್ಲಿ ವಾಸ, ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವೆ ಗುಲಾಬಿ ಮತ್ತು ಚಿಟ್ಟೆಗಳ ಹವ್ಯಾಸ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ತಮಗೆ ಏನೂ ತಿಳಿಯದು ಎಂಬ ಕೊರಗು ಹತ್ತಿದ್ದು ಇಲ್ಲಿಯೇ. ತಾಯಿ ಲಂಡನ್ನಿನಿಂದ ಪುಸ್ತಕದ ಪೆಟ್ಟಿಗೆಗಳನ್ನು ಕಳುಹಿಸಿದರು. ರೋಮ್ ಸಾಮ್ರಾಜ್ಯದ ಪತನ ಕುರಿತ ಗಿಬ್ಬನ್‌ನ ಎಂಟು ಸಂಪುಟ, ಆಮೇಲೆ ಮೆಕಾಲೆಯ ಹನ್ನೆರಡು, ಜೊತೆಗೆ ಪ್ಲೇಟೊ, ಡಾರ್ವಿನ್, ಮಾಲ್ತಸ್. ಬೆಂಗಳೂರಿನ ಉರಿಬಿಸಿಲ ಮಧ್ಯಾಹ್ನಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಓದುತ್ತಿದ್ದುದನ್ನು ಅವರೇ 1930ರ ತಮ್ಮ ಆತ್ಮಕಥೆಯಲ್ಲಿ ಸಂತೋಷದಿಂದ ವಿವರಿಸಿದ್ದಾರೆ. 1940ರ ಭಾಷಣಗಳ ಉದ್ದನೆಯ ಏರಿಳಿತದ ವಾಕ್ಯಗಳಲ್ಲಿ ಗಿಬ್ಬನ್ ನಡಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ 13 ರೂಪಾಯಿ ಬಾಕಿ ನಮೂದಾಗಿರುವ ಸಂಗತಿ ನಮ್ಮವರಿಗೆಲ್ಲ ಗೊತ್ತು. ಗಿಬ್ಬನ್ ಓದಿದ ಸಂಗತಿ ಅದಕ್ಕಿಂತ ಎಷ್ಟೋ ಪಾಲು ಮುಖ್ಯವಾದದ್ದು. ಅದನ್ನು ಹೇಳುವವರು ಬೇಕಾಗಿದ್ದಾರೆ.

ಭಾಷಣವನ್ನು ಅವರೇ ಬರೆಯುತ್ತಿದ್ದರೇ? ನಾಲಿಗೆ ತೊದಲುತ್ತಿತ್ತಂತೆ?

ಅಧಿಕಾರಿಗಳು ಅಂಕಿಅಂಶ ಒದಗಿಸುತ್ತಿದ್ದರು, ಕರಡು ತಿದ್ದುತ್ತಿದ್ದರು, ಮಾತು ಅವರದೇ. ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಕಾರ್ಯದರ್ಶಿಗೆ ಹೇಳಿ ಬರೆಸುತ್ತಿದ್ದರು, ಹಲವು ಬಾರಿ ತಿದ್ದುತ್ತಿದ್ದರು. ಕೊನೆಯ ಪ್ರತಿಯನ್ನು ಸಣ್ಣ ಹಾಳೆಗಳ ಮೇಲೆ ಕವಿತೆಯ ಹಾಗೆ ತುಂಡು ಸಾಲುಗಳಲ್ಲಿ ಬೆರಳಚ್ಚು ಮಾಡಲಾಗುತ್ತಿತ್ತು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಸಾಲು ಮುರಿದ ರೀತಿಯಲ್ಲೇ ಕಾಣುತ್ತದೆ. ಈ ಹಾಳೆಗಳು ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಭಾಷಣ ಕಲಿಯುವವರು ಇವುಗಳ ಚಿತ್ರಗಳನ್ನು ಒಮ್ಮೆ ನೋಡಲೇಬೇಕು.

ತೊದಲಲ್ಲ, 'ಸ'ಕಾರದ ಉಚ್ಚಾರಣೆಯಲ್ಲಿ ದೋಷವಿತ್ತು. ಅದನ್ನು ತಿದ್ದಿಕೊಳ್ಳಲು ಯೌವನದಲ್ಲಿ ಪಾಡುಪಟ್ಟರು. ಪ್ರಸಿದ್ಧರಾದ ಮೇಲೆ ಅದೇ ಅವರ ದನಿಯ ಗುರುತಾಯಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೂ ಆ ಉಚ್ಚಾರಣೆ ಕೆಡದಂತೆ ಸ್ವಲ್ಪ ಸಡಿಲವಾಗಿಯೇ ಮಾಡಿಸಿದ್ದರು.

ಯುದ್ಧದ ಸ್ಮರಣಸಂಪುಟಗಳು ಎಷ್ಟು? ಅವನ್ನು ಬರೆದವರು ಯಾರು?

ಒಟ್ಟು ಆರು. ಮೊದಲನೆಯದು 1948ರಲ್ಲಿ ಬಂತು. ಕೊನೆಯದು ಅಮೆರಿಕದಲ್ಲಿ 1953ರಲ್ಲಿ, ಬ್ರಿಟನ್ನಿನಲ್ಲಿ 1954ರಲ್ಲಿ. ಪುಸ್ತಕವಾಗುವ ಮೊದಲೇ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಲಕ್ಷಾಂತರ ಓದುಗರನ್ನು ತಲುಪಿದವು.

ಬರವಣಿಗೆ ಒಬ್ಬರದಲ್ಲ. "ಸಿಂಡಿಕೇಟ್" ಎಂದು ಕರೆಯುತ್ತಿದ್ದ ಒಂದು ತಂಡವಿತ್ತು: ಇತಿಹಾಸಕಾರ ಬಿಲ್ ಡೀಕಿನ್, ಯುದ್ಧಕಾಲದಲ್ಲಿ ಚರ್ಚಿಲ್ ಜೊತೆಗಿದ್ದ ಜನರಲ್ ಇಸ್ಮೇ, ಭೂಸೇನೆಯ ಪೌನಾಲ್, ನೌಕಾಪಡೆಯ ಗಾರ್ಡನ್ ಅಲೆನ್, ಕಾಗದಪತ್ರ ನೋಡಿಕೊಳ್ಳುತ್ತಿದ್ದ ಡೆನಿಸ್ ಕೆಲಿ. ಇವರು ಹಿನ್ನೆಲೆಯ ಟಿಪ್ಪಣಿಗಳನ್ನೂ ಎಷ್ಟೋ ಅಧ್ಯಾಯಗಳ ಕರಡನ್ನೂ ಸಿದ್ಧಪಡಿಸುತ್ತಿದ್ದರು. ಚರ್ಚಿಲ್ ತಮ್ಮ ನೆನಪುಗಳನ್ನು ಹೇಳಿ ಬರೆಸಿ, ಕರಡಚ್ಚಿನ ಮೇಲೆ ಗೀಚಿ, ಮತ್ತೆ ಮತ್ತೆ ಮುದ್ರಣಾಲಯಕ್ಕೆ ಕಳುಹಿಸುತ್ತಿದ್ದರು. ಸಚಿವ ಸಂಪುಟದ ಕಾರ್ಯದರ್ಶಿ ನಾರ್ಮನ್ ಬ್ರೂಕ್ ಸರ್ಕಾರದ ಪರವಾಗಿ ಎಲ್ಲವನ್ನೂ ಪರಿಶೀಲಿಸುತ್ತಿದ್ದರು. ಆದರೂ ಅಲ್ಲಿನ ವೇಗ, ಠೇಂಕಾರ, ತೀರ್ಪು ಚರ್ಚಿಲ್ ಅವರದೇ ಎಂಬುದರಲ್ಲಿ ಸಂಶಯವಿಲ್ಲ.

ಅವನ್ನು ಇತಿಹಾಸವೆಂದು ನಂಬಬಹುದೇ?

ಇದು ಇತಿಹಾಸವಲ್ಲ, ಇತಿಹಾಸಕ್ಕೆ ತಮ್ಮ ಕೊಡುಗೆ ಎಂದು ಅವರೇ ಮೊದಲ ಸಂಪುಟದಲ್ಲಿ ಹೇಳಿದ್ದಾರೆ. ಆದರೆ 1948ರ ಜನವರಿಯಲ್ಲಿ ಕಾಮನ್ಸ್ ಸಭೆಯಲ್ಲಿ, ಗತಕಾಲವನ್ನು ಇತಿಹಾಸಕ್ಕೆ ಬಿಡುವುದು ಒಳ್ಳೆಯದು, ಆ ಇತಿಹಾಸವನ್ನು ತಾವೇ ಬರೆಯಬೇಕೆಂದಿದ್ದೇವೆ ಎಂದೂ ಅಂದಿದ್ದರು. ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಓದಬೇಕು.

ಒಂದು ಉದಾಹರಣೆ ಸಾಕು. ಎರಡನೆಯ ಸಂಪುಟದಲ್ಲಿ, ಒಂಟಿಯಾಗಿಯಾದರೂ ಯುದ್ಧ ಮುಂದುವರಿಸಬೇಕೇ ಎಂಬ ಪ್ರಶ್ನೆ ಯುದ್ಧಕಾಲದ ಸಚಿವ ಸಂಪುಟದ ಕಾರ್ಯಸೂಚಿಯಲ್ಲಿ ಎಂದೂ ಬರಲೇ ಇಲ್ಲ ಎಂದು ಬರೆದಿದ್ದಾರೆ. ಸರ್ಕಾರಿ ಕಡತಗಳು 1970ರ ದಶಕದ ಆರಂಭದಲ್ಲಿ ತೆರೆದಾಗ ಬೇರೆಯೇ ಚಿತ್ರ ಕಂಡಿತು. 1940ರ ಮೇ 26ರಿಂದ 28ರವರೆಗೆ ಇದೇ ವಿಷಯದ ಮೇಲೆ ಸತತ ವಾಗ್ವಾದ ನಡೆದಿತ್ತು. ಇಟಲಿಯ ಮೂಲಕ ಸಂಧಾನದ ದಾರಿ ಇದೆಯೇ ನೋಡೋಣ ಎಂದು ಪಟ್ಟುಹಿಡಿದಿದ್ದವರು ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್. ಇವರು ನಮಗೆ ಅಪರಿಚಿತರಲ್ಲ. 1931ರ ಗಾಂಧಿ–ಇರ್ವಿನ್ ಒಪ್ಪಂದದ ವೈಸರಾಯ್ ಇರ್ವಿನ್ ಅವರೇ. ಚರ್ಚಿಲ್ ಆ ವಾಗ್ವಾದದಲ್ಲಿ ಗೆದ್ದರು, ಅದು ಅವರ ಬಾಳಿನ ಅತಿ ದೊಡ್ಡ ಗೆಲುವು ಎಂದರೂ ತಪ್ಪಿಲ್ಲ. ಬರೆಯುವಾಗ ಮಾತ್ರ ಸಹೋದ್ಯೋಗಿಯ ಮಾನ, ದೇಶದ ಒಗ್ಗಟ್ಟು ಎಂದು ಅದನ್ನು ಮರೆಮಾಡಿದರು. ನಿಜ ಹೇಳಿದ್ದರೆ ಅವರ ಧೈರ್ಯ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಜರ್ಮನರ ಗುಪ್ತಲಿಪಿ ಭೇದಿಸಿದ ಕಥೆಯೂ ಸಂಪುಟಗಳಲ್ಲಿಲ್ಲ. ಆ ರಹಸ್ಯ ಹೊರಬಿದ್ದದ್ದು 1974ರಲ್ಲಿ. ತಮ್ಮ ಆದೇಶಗಳನ್ನೂ ತಂತಿ ಸಂದೇಶಗಳನ್ನೂ ಧಾರಾಳವಾಗಿ ಅಚ್ಚು ಹಾಕಿಸಿದ ಚರ್ಚಿಲ್, ಅವಕ್ಕೆ ಬಂದ ಉತ್ತರಗಳನ್ನು ಸೇರಿಸಿದ್ದು ತೀರ ಕಡಿಮೆ. ಪ್ರಶ್ನೆ ಕೇಳುವವರು ಒಬ್ಬರೇ, ಉಳಿದವರೆಲ್ಲ ಮೌನ ಎಂಬ ಭಾವನೆ ಬರುವುದು ಹಾಗಾಗಿ. ಕೊನೆಯ ಸಂಪುಟ ಹೊರಬರುವ ವೇಳೆಗೆ ಅವರು ಮತ್ತೆ ಪ್ರಧಾನಿ, ಯುದ್ಧದಲ್ಲಿ ಮಿತ್ರಪಡೆಗಳ ದಂಡನಾಯಕರಾಗಿದ್ದ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷ. ಹಳೆಯ ಭಿನ್ನಾಭಿಪ್ರಾಯಗಳನ್ನು ಮೆದುಗೊಳಿಸಲಾಯಿತು.

ಆ ಸಂಪುಟಗಳಲ್ಲಿ ಭಾರತ ಎಲ್ಲಿದೆ?

ಈ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸುವುದು ಕಷ್ಟ. ಯುದ್ಧದಲ್ಲಿ ಭಾರತೀಯ ಸೇನೆ ಸುಮಾರು 25 ಲಕ್ಷಕ್ಕೆ ಬೆಳೆಯಿತು. ನಾಲ್ಕನೆಯ ಸಂಪುಟದಲ್ಲಿ ಚರ್ಚಿಲ್ ಈ ಸೈನಿಕರ ಶೌರ್ಯವನ್ನು ಮನಸಾರೆ ಹೊಗಳಿದ್ದಾರೆ, ಅದನ್ನು ಒಪ್ಪಿಕೊಳ್ಳಬೇಕು. ಅದರ ಹತ್ತಿರದಲ್ಲೇ, ಮಹಾಯುದ್ಧದ ಘೋರಗಳಿಂದ ಹಿಂದುಸ್ತಾನದ ಜನರಷ್ಟು ಸುರಕ್ಷಿತವಾಗಿ ಉಳಿದ ಜನಸಮೂಹ ಜಗತ್ತಿನಲ್ಲಿ ಬೇರೊಂದಿಲ್ಲ, ನಮ್ಮ ಪುಟ್ಟ ದ್ವೀಪ ಅವರನ್ನು ಹೆಗಲ ಮೇಲೆ ಹೊತ್ತು ದಾಟಿಸಿತು ಎಂದೂ ಬರೆದಿದ್ದಾರೆ.

1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಧಾನ್ಯದ ಹಡಗು ಕಳುಹಿಸಿ ಎಂದು ವೈಸರಾಯ್ ವೇವೆಲ್ ಮತ್ತು ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಸಚಿವ ಲಿಯೊ ಆಮೆರಿ ಮತ್ತೆ ಮತ್ತೆ ಕೇಳಿದರು. ಕೇಳಿದ್ದರಲ್ಲಿ ಒಂದಂಶ ಮಾತ್ರ ಸಿಕ್ಕಿತು. ಇಬ್ಬರ ದಿನಚರಿಗಳೂ ನಂತರ ಪ್ರಕಟವಾಗಿವೆ. ಭಾರತೀಯರ ಬಗ್ಗೆ ಚರ್ಚಿಲ್ ಮುಚ್ಚಿದ ಕೋಣೆಯಲ್ಲಿ ಆಡಿದ ಮಾತುಗಳು ಅವುಗಳಲ್ಲಿ ಸಿಗುತ್ತವೆ. ಆರು ಸಂಪುಟಗಳ ಸಾವಿರಾರು ಪುಟಗಳಲ್ಲಿ ಈ ಕ್ಷಾಮಕ್ಕೆ ಸಿಕ್ಕ ಜಾಗ ಅತ್ಯಲ್ಪ. ಈ ಸಂಪುಟಗಳನ್ನು ಓದುವ ಭಾರತೀಯರು ವೇವೆಲ್ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಭಾಷಣಗಳಲ್ಲೂ ಇದೇ ಕಥೆ. 1941ರ ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಜೊತೆ ಅಟ್ಲಾಂಟಿಕ್ ಸನ್ನದು ಹೊರಡಿಸಿ, ಎಲ್ಲ ಜನರಿಗೂ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದು ಸಾರಿದರು. ಸೆಪ್ಟೆಂಬರ್ 9ರಂದು ಕಾಮನ್ಸ್ ಸಭೆಯಲ್ಲಿ, ಆ ಮಾತು ನಾಜಿಗಳ ಕೈಕೆಳಗಿನ ಯುರೋಪಿಗೆ, ಭಾರತ ಮತ್ತು ಬರ್ಮಾಗಳ ವಿಷಯ ಬೇರೆ ಎಂದು ಸ್ಪಷ್ಟಪಡಿಸಿದರು.

"ಇದು ಅಂತ್ಯವಲ್ಲ, ಅಂತ್ಯದ ಆರಂಭವೂ ಅಲ್ಲ" ಎಂದದ್ದು ಯಾವಾಗ?

1942ರ ನವೆಂಬರ್ 10ರಂದು, ಈಜಿಪ್ಟಿನ ಎಲ್ ಅಲಮೈನ್ ಕದನದ ಗೆಲುವಿನ ನಂತರ, ಲಂಡನ್ನಿನ ಮ್ಯಾನ್ಷನ್ ಹೌಸ್ ಭೋಜನಕೂಟದಲ್ಲಿ. ಬಹುಶಃ ಇದು ಆರಂಭದ ಅಂತ್ಯ ಎಂದು ಆ ಮಾತು ಮುಗಿಯುತ್ತದೆ. ಇದರ ಧ್ವನಿ ಅಂದಿನದೇ. ಅದೇ ಭಾಷಣದಲ್ಲಿ, ಬ್ರಿಟಿಷ್ ಸಾಮ್ರಾಜ್ಯವನ್ನು ಬರಖಾಸ್ತು ಮಾಡಲು ತಾವು ದೊರೆಯ ಪ್ರಧಾನಿಯಾಗಿಲ್ಲ ಎಂಬ ಮಾತೂ ಇದೆ. ಅವರು ಹಾಗೆನ್ನುವಾಗ ಗಾಂಧೀಜಿ ಆಗಾಖಾನ್ ಅರಮನೆಯಲ್ಲಿ ಬಂಧಿ. ಇತ್ತ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲ್ಲೂಕಿನಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದ ಹಳ್ಳಿಗರು ಸೆರೆಮನೆ ಸೇರಿದ್ದರು. ಅವರಲ್ಲಿ ಐವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಮ್ಯಾನ್ಷನ್ ಹೌಸ್ ಭಾಷಣವನ್ನು ಕನ್ನಡಿಗರು ಕೇಳುವಾಗ ಈಸೂರು ನೆನಪಾಗದೆ ಇರಬಾರದು.

ಭಾರತ ಸ್ವತಂತ್ರವಾದರೆ ಅಧಿಕಾರ ದುಷ್ಟರ, ದರೋಡೆಕೋರರ ಕೈಗೆ ಹೋಗುತ್ತದೆ, ಗಾಳಿ ನೀರಿಗೂ ತೆರಿಗೆ ಬೀಳುತ್ತದೆ ಎಂದು ಚರ್ಚಿಲ್ ಹೇಳಿದ್ದರೇ?

ಪ್ರತಿ ಚುನಾವಣೆಯಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಈ ಮಾತು ಅವರ ಯಾವ ಭಾಷಣದಲ್ಲೂ ಬರಹದಲ್ಲೂ ಸಿಕ್ಕಿಲ್ಲ. ದಯವಿಟ್ಟು ಹಂಚಬೇಡಿ. ಅವರು ನಿಜವಾಗಿ ಹೇಳಿದ್ದು ದಾಖಲೆಯಲ್ಲಿದೆ: 1947ರ ಮಾರ್ಚ್ 6ರಂದು ಕಾಮನ್ಸ್ ಸಭೆಯಲ್ಲಿ, ನಾವು ಅಧಿಕಾರ ಒಪ್ಪಿಸುತ್ತಿರುವುದು ಹುಲ್ಲುಬೊಂಬೆಗಳಂಥ ಜನರಿಗೆ, ಕೆಲವೇ ವರ್ಷಗಳಲ್ಲಿ ಅವರ ಗುರುತೂ ಉಳಿಯುವುದಿಲ್ಲ ಎಂದರು. ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನೆಂದು ಹೀಗಳೆದದ್ದೂ ನಿಜ. ಅದು 1931ರ ಫೆಬ್ರುವರಿ 23ರ ಪಕ್ಷದ ಸಭೆಯಲ್ಲಿ.

ನೊಬೆಲ್ ಸಿಕ್ಕಿದ್ದು ಶಾಂತಿಗೋ ಸಾಹಿತ್ಯಕ್ಕೋ?

ಸಾಹಿತ್ಯಕ್ಕೆ, 1953ರಲ್ಲಿ. ಇತಿಹಾಸ ಮತ್ತು ಜೀವನಚರಿತ್ರೆಯ ಬರವಣಿಗೆ, ಜೊತೆಗೆ ವಾಗ್ಮಿತೆ, ಎರಡನ್ನೂ ಅಕಾಡೆಮಿ ಹೆಸರಿಸಿತು. ಅವರು ಬರ್ಮುಡಾ ಸಮಾವೇಶದಲ್ಲಿದ್ದುದರಿಂದ ಪತ್ನಿ ಕ್ಲೆಮೆಂಟೈನ್ ಪ್ರಶಸ್ತಿ ಸ್ವೀಕರಿಸಿದರು.

ಎಲ್ಲಿಂದ ಆರಂಭಿಸಬೇಕು?

ಮೊದಲು ಒಟ್ಟಾವ ಭಾಷಣ ಕೇಳಿ, ಆಮೇಲೆ 1941ರ ಜೂನ್ 22ರ ಪ್ರಸಾರ. ಮೂರನೆಯದಾಗಿ 1942ರ ಫೆಬ್ರುವರಿ 15ರದ್ದು: ಸಿಂಗಪುರ ಕೈಬಿಟ್ಟಿತೆಂದು ಹೇಳುವ ಆ ದನಿಯಲ್ಲಿ ಹುರುಪಿಲ್ಲ. ಅದೇ ತಿಂಗಳು ಬರ್ಲಿನ್ನಿನ ಆಜಾದ್ ಹಿಂದ್ ರೇಡಿಯೊದಲ್ಲಿ ಸುಭಾಷ್‌ಚಂದ್ರ ಬೋಸ್ ತಮ್ಮ ಸ್ವಂತ ಹೆಸರಿನಲ್ಲಿ ಮೊದಲ ಬಾರಿ ಮಾತನಾಡಿ, ಸಿಂಗಪುರದ ಪತನವನ್ನು ಬ್ರಿಟಿಷ್ ಸಾಮ್ರಾಜ್ಯದ ಕುಸಿತವೆಂದು ಸಾರಿದರು. ಎರಡರ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಓದಿ. ಕಾಮನ್ಸ್ ಸಭೆಯ ಭಾಷಣಗಳ ಅಧಿಕೃತ ಪಠ್ಯ ಸಂಸತ್ತಿನ ಕಲಾಪ ವರದಿಯಾದ ಹ್ಯಾನ್ಸಾರ್ಡ್‌ನಲ್ಲಿ ಅಂತರ್ಜಾಲದಲ್ಲೇ ಉಚಿತವಾಗಿ ಸಿಗುತ್ತದೆ. ಸದಸ್ಯರು ನಡುವೆ ಬಾಯಿ ಹಾಕಿದ್ದೂ ಅದರಲ್ಲಿರುತ್ತದೆ.

ಈ ಭಾಷಣಗಳನ್ನು ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಬಹುದೇ?

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಚರ್ಚಿಲ್ ನಿಧನರಾದದ್ದು 1965ರ ಜನವರಿ 24ರಂದು. ಆ ಲೆಕ್ಕದಲ್ಲಿ ಇಲ್ಲಿ ಅವಧಿ 2025ರ ಕೊನೆಯವರೆಗೆ. ಬ್ರಿಟನ್ನಿನಲ್ಲಿ 70 ವರ್ಷ, ಅಂದರೆ 2035ರ ಕೊನೆಯವರೆಗೆ. ಅಲ್ಲಿಯೂ ಮಾರುವ ಉದ್ದೇಶವಿದ್ದರೆ ಹಕ್ಕುದಾರರ ಅನುಮತಿ ಬೇಕು. ಧ್ವನಿಮುದ್ರಣದ ಹಕ್ಕು ಪಠ್ಯದ ಹಕ್ಕಿನಿಂದ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು. ಅನುವಾದಕ್ಕೆ ಕೈಹಾಕುವವರು ಜೂನ್ 4ರ ಭಾಷಣವನ್ನು ಸಾಮ್ರಾಜ್ಯದ ಸಾಲಿನವರೆಗೂ ಪೂರ್ತಿಯಾಗಿ ಕನ್ನಡಕ್ಕೆ ತರಲಿ.